ಇಂತಿ, ನಿಜವಾದ ನೊಂದ ನಾಗರಿಕ

ಮನುಷ್ಯನಿಗೆ ಅಭಿಪ್ರಾಯ ಹೇಳೋಕೆ ಒಂದು ಜಾಗ ಕೊಟ್ಟು ನೋಡಿ, ಅವನಿಗೆ ಮೊದಲು ಮರೆತುಹೋಗುವುದು ತನ್ನದೇ ಹೆಸರು. ಇದು ನನಗೆ ಗೊತ್ತಾಗಿದ್ದು ತೊಂಬತ್ತರ ದಶಕದ ಆರಂಭದಲ್ಲಿ, ದೊಡ್ಡಬಳ್ಳಾಪುರದ ಒಂದು ಸಣ್ಣ ವಾರಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದಾಗ. ಉಪಸಂಪಾದಕ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಪ್ರೂಫ್ ನೋಡುವುದು, ಚಂದಾದಾರರ ವಿಳಾಸದ ಚೀಟಿ ಅಂಟಿಸುವುದು, ಉಳಿದ ಹೊತ್ತಿನಲ್ಲಿ ಓದುಗರ ಪತ್ರಗಳನ್ನು ತಿದ್ದುವುದು. ಸಂಪಾದಕರೇ ಮಾಲೀಕರು. ಪತ್ರಿಕೆಯ ಪ್ರೆಸ್ಸಿನಲ್ಲೇ ಮದುವೆ ಕಾಗದಗಳೂ ಅಚ್ಚಾಗುತ್ತಿದ್ದುದರಿಂದ ಲಗ್ನದ ತಿಂಗಳುಗಳಲ್ಲಿ ಪತ್ರಿಕೆ ಎರಡು ದಿನ ತಡ. ಸುತ್ತಲೂ ಮಗ್ಗಗಳ ಸದ್ದು. ಎದುರಿಗೆ ಕೂತವರ ಮಾತೇ ಕೇಳುತ್ತಿರಲಿಲ್ಲ. ಅದಕ್ಕೇ ಇರಬೇಕು, ಊರಿನವರು ಎಲ್ಲವನ್ನೂ ಬರೆದೇ ಹೇಳುತ್ತಿದ್ದರು.

೧. ಅಸಲಿ, ನಕಲಿ

ಪತ್ರಗಳ ಕೆಳಗೆ ಹೆಸರೇ ಇರುತ್ತಿರಲಿಲ್ಲ. ‘ಸತ್ಯಪ್ರಿಯ’, ‘ಒಬ್ಬ ಬಡ ನೇಕಾರ’, ‘ನೊಂದ ನಾಗರಿಕ’. ಬಡ ನೇಕಾರರಿಗೆ ಇಪ್ಪತ್ತು ಮಗ್ಗ ಇದ್ದದ್ದು ನನಗೆ ಗೊತ್ತಿತ್ತು. ಇರಲಿ, ಬಡತನ ಅವರವರ ಭಾವನೆ.

ಒಂದು ವಾರ ನೊಂದ ನಾಗರಿಕ, ಬಸ್ ಸ್ಟ್ಯಾಂಡನ್ನು ಊರಾಚೆಗೆ ಸಾಗಿಸಬೇಕು ಅಂತ ಬರೆದ. ಮುಂದಿನ ವಾರ ನೊಂದ ನಾಗರಿಕನೇ, ಸಾಗಿಸಕೂಡದು ಅಂತ ಬರೆದ. ಮಾರನೇ ದಿನ ಒಬ್ಬ ನಿವೃತ್ತ ಮೇಷ್ಟ್ರು ಪತ್ರಿಕೆ ಹಿಡಿದುಕೊಂಡು ಬಂದರು. ಆರು ವರ್ಷದಿಂದ ನೊಂದ ನಾಗರಿಕ ತಾವೇ, ಈ ವಾರದವನು ಯಾವನೋ ಕಳ್ಳ, ತಮ್ಮ ಹೆಸರಿಗೆ ಮಸಿ ಬಳಿದಿದ್ದಾನೆ ಅಂತ ಕೂಗಾಡಿದರು.

"ಯಾವ ಹೆಸರಿಗೆ ಸಾರ್?" ಅಂದೆ.

ಅವರಿಗೆ ಇನ್ನೂ ಸಿಟ್ಟು ಬಂತು. ಸ್ಪಷ್ಟನೆ ಹಾಕಲೇಬೇಕು ಅಂತ ಹಟ ಹಿಡಿದರು. ಹಾಗಾದರೆ ನಿಮ್ಮ ಹೆಸರಲ್ಲೇ ಹಾಕೋಣ ಅಂದೆ. ತಕ್ಷಣ ದನಿ ಇಳಿಯಿತು. ತಾವು ಪಿಂಚಣಿ ಪಡೆಯುವವರು, ಮಗ ಸರ್ಕಾರಿ ಕೆಲಸದಲ್ಲಿದ್ದಾನೆ, ಯಾಕೆ ಸುಮ್ಮನೆ ಅಂದರು. ಕೊನೆಗೆ ಅಲ್ಲೇ ಕೂತು ನಾಲ್ಕು ಸಾಲು ಬರೆದು, ಕೆಳಗೆ ಅಡಿಗೆರೆ ಎಳೆದು ಕೊಟ್ಟರು: ‘ಇಂತಿ, ನಿಜವಾದ ನೊಂದ ನಾಗರಿಕ.’

೨. ಬೆನ್ನೆಲುಬಿನ ವಾರ

ಇದಾದ ಮೇಲೆ ಸಂಪಾದಕರು ಒಂದು ನಿಯಮ ತಂದರು. ನಿಜವಾದ ಹೆಸರು, ವಿಳಾಸ ಇಲ್ಲದ ಪತ್ರ ಹಾಕುವುದಿಲ್ಲ. ಮುಖಪುಟದಲ್ಲಿ ಚೌಕಟ್ಟು ಕಟ್ಟಿ ಪ್ರಕಟಣೆ, ಒಳಗೆ ‘ಬೆನ್ನೆಲುಬು ಇದ್ದವರು ಬರೆಯಲಿ’ ಅಂತ ಸಂಪಾದಕೀಯ.

ವಾರಕ್ಕೆ ಹತ್ತು ಹದಿನೈದು ಪತ್ರ ಬರುತ್ತಿದ್ದವು. ಆ ವಾರ ಬಂದದ್ದು ಒಂದೇ, ಸಾಸಲು ಅನ್ನೋ ಹಳ್ಳಿಯಿಂದ. ಹೆಸರು, ತಂದೆಯ ಹೆಸರು, ಮನೆ ನಂಬರು, ಪಿನ್‌ಕೋಡು ಎಲ್ಲವೂ ಸ್ಪಷ್ಟವಾಗಿತ್ತು. ತಮಗೆ ಪತ್ರಿಕೆ ಕಳಿಸುವುದನ್ನು ನಿಲ್ಲಿಸಬೇಕು ಅಂತ ಬರೆದಿದ್ದರು.

ಅಂಕಣ ಬೋಳಾಗಿತ್ತು. ಸಂಪಾದಕರು ಪ್ರೂಫ್ ನೋಡಿ, ನೀನೇ ಮೂರು ಕಾಗದ ಬರೆದು ತುಂಬಿಸು ಅಂದರು. ಯಾರ ಹೆಸರಲ್ಲಿ ಬರೆಯಲಿ ಅಂತ ಕೇಳಿದೆ. ಇವನಿಗೆ ಇಷ್ಟೂ ತಿಳಿಯಲ್ಲವಲ್ಲ ಅನ್ನೋ ಹಾಗೆ ನನ್ನ ಮುಖ ನೋಡಿದರು.

"ಯಾವ್ದಾದ್ರೂ ಒಂದು ನಿಜವಾದ ಹೆಸರು ಹಾಕಯ್ಯ. ಸುಳ್ಳು ಹೆಸರು ನಮ್ಮ ಪತ್ರಿಕೇಲಿ ಬರಕೂಡ್ದು ಅಂತ ಹೇಳಿಲ್ವಾ?"

೩. ಯಾರಿಗೂ ಹೇಳಬೇಡಿ

ನಿಯಮ ಅಂದಮೇಲೆ ವಿನಾಯಿತಿಯೂ ಇರಬೇಕಲ್ಲ. ಒಬ್ಬ ಸರ್ಕಾರಿ ಗುಮಾಸ್ತರು ತಮ್ಮ ಸಾಹೇಬರ ದರ್ಬಾರಿನ ಬಗ್ಗೆ ಬಿಸಿಬಿಸಿ ಪತ್ರ ತಂದರು. ಹೆಸರು ಬಂದರೆ ಕೆಲಸ ಹೋಗುತ್ತೆ ಅಂತ ಕೈ ಮುಗಿದರು. ಸಂಪಾದಕರು ಕರಗಿ, ‘ಹೆಸರು ಬೇಡವೆಂದವರು’ ಅಂತ ಹಾಕಿಸಿದರು.

ಪತ್ರಿಕೆ ಬಂದ ದಿನ ಗುಮಾಸ್ತರು ಹತ್ತು ಪ್ರತಿ ಕೊಂಡರು. ತಮ್ಮ ಪತ್ರದ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಹಾಕಿ, ಪಕ್ಕದಲ್ಲಿ ‘ನಾನೇ ಬರೆದದ್ದು, ಯಾರಿಗೂ ಹೇಳಬೇಡಿ’ ಅಂತ ಬರೆದು, ದೇವನಹಳ್ಳಿ ಹೊಸಕೋಟೆ ಕಡೆಯ ನೆಂಟರಿಗೆಲ್ಲ ಅಂಚೆಯಲ್ಲಿ ಕಳಿಸಿದರು. ದೇವನಹಳ್ಳಿಯ ನೆಂಟರ ಪಕ್ಕದ ಮನೆಯಲ್ಲೇ ಸಾಹೇಬರ ಷಡ್ಡಕ ಇದ್ದ. ಹದಿನೈದು ದಿನದಲ್ಲಿ ಆ ಪ್ರತಿ ಸಾಹೇಬರ ಮೇಜಿಗೆ ಬಂತು.

ಗುಮಾಸ್ತರನ್ನು ಕರೆಸಿದರು. ಇದು ತಮ್ಮ ಅಕ್ಷರವೇ ಅಲ್ಲ ಅಂತ ಅವರು ದೇವರ ಮೇಲೆ ಆಣೆ ಇಟ್ಟರು. ಸಾಹೇಬರು ಪತ್ರಿಕೆಯನ್ನು ಅವರ ಕಡೆ ತಿರುಗಿಸಿದರು.

"ಅಕ್ಷರ ಇರಲಿ. ಕೆಳಗೆ ಆಫೀಸ್ ಸೀಲ್ ಯಾಕ್ರೀ ಒತ್ತಿದೀರಾ?"

ಪಾಪ, ಇಪ್ಪತ್ತು ವರ್ಷದ ಅಭ್ಯಾಸ.

೪. ನಾಗರಾಜು

ನಿಯಮ ನಂಬಿ ಮೊದಲು ಧೈರ್ಯವಾಗಿ ಬರೆದವನು ಒಬ್ಬನಿದ್ದ. ಹೆಸರು ನಾಗರಾಜು. ತನ್ನ ಮನೆ ಮುಂದಿನ ಬೀದಿ ದೀಪ ಕೆಟ್ಟು ಮೂರು ತಿಂಗಳಾಯಿತು, ವಾರ್ಡಿನ ಮೆಂಬರು ಕಣ್ಣೆತ್ತಿ ನೋಡಿಲ್ಲ ಅಂತ ಬರೆದು, ಹೆಸರು, ಬೀದಿ ಎರಡನ್ನೂ ಹಾಕಿದ್ದ. ಮನೆ ನಂಬರು ಹಾಕಿರಲಿಲ್ಲ. ಆ ಬೀದಿಯಲ್ಲಿ ನಾಲ್ಕು ಜನ ನಾಗರಾಜು ಇದ್ದರು.

ಮೆಂಬರು ಸಿಟ್ಟಿನಿಂದ ಮೊದಲನೇ ನಾಗರಾಜುವಿನ ಮನೆಗೆ ಹೋದರು. ಆತ, ನಾನಲ್ಲಣ್ಣ, ನನಗೆ ಬರೆಯೋಕೆ ಎಲ್ಲಿ ಬರುತ್ತೆ ಅಂದ. ಮೆಂಬರಿಗೆ ಸಂತೋಷವಾಗಿ ಅವನ ಮನೆ ಮುಂದಿನ ಕಂಬಕ್ಕೆ ಹೊಸ ಬಲ್ಬ್ ಹಾಕಿಸಿದರು. ಎರಡನೆಯವನೂ ಅಲ್ಲ ಅಂದ, ಅವನಿಗೂ ಬಲ್ಬ್. ಮೂರನೆಯವನು ಕೇಳುವ ಮೊದಲೇ ಅಲ್ಲ ಅಂದ, ಅವನಿಗೆ ಟ್ಯೂಬ್‌ಲೈಟೇ ಬಂತು.

ಮುಂದಿನ ವಾರ ನಮ್ಮ ಆಫೀಸಿಗೆ ನಾಲ್ಕು ಸ್ಪಷ್ಟನೆ ಬಂದವು. ‘ಬೀದಿ ದೀಪದ ಪತ್ರ ಬರೆದ ನಾಗರಾಜು ನಾನಲ್ಲ.’ ನಾಲ್ಕನೆಯದು ಯಾರ ಅಕ್ಷರ ಅಂತ ನೋಡಿದೆ. ದೀಪದ ಪತ್ರ ಬರೆದವನದೇ.

೫. ಸನ್ಮಾನ

ನಮ್ಮ ಅಂಕಣಕ್ಕೆ ಮಾನ ತಂದದ್ದು ಒಬ್ಬ ಸೀರೆ ವ್ಯಾಪಾರಿಯ ಹೆಸರು. ಆ ಹೆಸರಿನಲ್ಲಿ ಬರುತ್ತಿದ್ದ ಪತ್ರಗಳಲ್ಲಿ ನೀರಿನ ಸರದಿ, ಹೆಣ್ಣುಮಕ್ಕಳ ಶಾಲೆಗೆ ಕಕ್ಕಸು ಇಲ್ಲದ್ದು, ಆಸ್ಪತ್ರೆಯ ಸಾಲು, ಏನು ಬರೆದರೂ ನೇರ, ಹದ, ಸ್ವಲ್ಪ ಖಾರ. ಪತ್ರ ಬಂದ ಮೇಲೆ ಶಾಲೆಗೆ ಕಕ್ಕಸೂ ಬಂತು. ಬಜಾರಿನಲ್ಲಿ ವ್ಯಾಪಾರಿಗೆ ನಮಸ್ಕಾರ ಹೆಚ್ಚಾಯಿತು.

ಪತ್ರ ತಂದು ಕೊಡುತ್ತಿದ್ದವರು ಅವರ ಹೆಂಡತಿ. ಒಂದು ದಿನ ಅವರು ನನ್ನ ಪೆನ್ನು ಇಸಿದುಕೊಂಡು, ನಿಂತಲ್ಲೇ ಒಂದು ಸಾಲು ಹೊಡೆದುಹಾಕಿ ಇನ್ನೂ ಚೆನ್ನಾಗಿರುವ ಸಾಲು ಬರೆದರು. ಆಗ ನನಗೆ ತಿಳಿಯಿತು. ನಿಮ್ಮ ಹೆಸರನ್ನೇ ಹಾಕಬಾರದಾ ಅಂತ ಕೇಳಿದೆ.

"ನನ್ ಹೆಸರು ಕೊನೇ ಸಲ ಅಚ್ಚಾಗಿದ್ದು ಮದುವೆ ಕಾಗದದಲ್ಲಿ ಸಾರ್" ಅಂದರು. "ಈಗ ಪೇಪರಲ್ಲಿ ಬಂದ್ರೆ, ಏನಾಗೋಯ್ತು ಇವಳಿಗೆ ಅಂತ ಜನ ಮನೆಗೇ ಬಂದ್ಬಿಡ್ತಾರೆ. ಅವರದೇ ಇರಲಿ ಬಿಡಿ."

ವರ್ಷದ ಕೊನೆಗೆ ಪತ್ರಿಕೆಯಿಂದ ಶ್ರೇಷ್ಠ ಪತ್ರ ಲೇಖಕರಿಗೆ ಸನ್ಮಾನ ಇಟ್ಟುಕೊಂಡೆವು. ವ್ಯಾಪಾರಿಗೆ ಶಾಲು, ಹಾರ, ಹಣ್ಣಿನ ತಟ್ಟೆ. ಹೆಂಡತಿ ಹೆಂಗಸರ ಸಾಲಿನಲ್ಲಿ ಮುಂದೆ ಕೂತಿದ್ದರು. ವ್ಯಾಪಾರಿ ಮೈಕ್ ಮುಂದೆ ನಿಂತು ಮೂರು ಸಲ ಕೆಮ್ಮಿದರು. ವೇದಿಕೆಯ ಮೇಲಿದ್ದ ಗಣ್ಯರೊಬ್ಬರು ಸಹಾಯಕ್ಕೆ ಬಂದು, ಇಷ್ಟು ಚೆನ್ನಾಗಿ ಹೇಗೆ ಬರೀತೀರಿ ಹೇಳಿ ಅಂದರು. ವ್ಯಾಪಾರಿಗೆ ಒಂದು ದಾರಿ ಸಿಕ್ಕಂತಾಯಿತು.

"ಬರೆಯೋಕೆ ಮನಸ್ಸಿಗೆ ಶಾಂತಿ ಬೇಕು. ನಮ್ಮನೇಲಿ ಹೆಂಗಸರು ಅಡುಗೆ ಆಯ್ತು, ತಾವಾಯ್ತು ಅಂತ ಇರ್ತಾರೆ. ಇಂಥ ವಿಷಯಕ್ಕೆಲ್ಲ ತಲೆ ಹಾಕಲ್ಲ. ಅದರಿಂದ ನನಗೆ ಅನುಕೂಲವಾಯ್ತು."

ಚಪ್ಪಾಳೆ ಬಿತ್ತು. ನಾನು ಮುಂದಿನ ಸಾಲಿನ ಕಡೆ ನೋಡಿದೆ. ಆಯಮ್ಮ ಚಪ್ಪಾಳೆ ಹೊಡೆಯಲಿಲ್ಲ, ಎದ್ದೂ ಹೋಗಲಿಲ್ಲ. ಸೆರಗು ಸರಿ ಮಾಡಿಕೊಂಡು ಕೂತರು.

ಮಾರನೇ ದಿನ ಅವರೇ ಬಂದು ಒಂದು ಪತ್ರ ಕೊಟ್ಟರು. ‘ತಮ್ಮ ಪತ್ರಿಕೆಯ ಶ್ರೇಷ್ಠ ಲೇಖಕರ ಭಾಷಣ ಕೇಳಿ ನಿರಾಶೆಯಾಯಿತು. ಬರೆದಂತೆ ಮಾತಾಡಲು ಬಾರದವರು ಮಾತಾಡಿದಂತೆಯೇ ಬರೆದಿದ್ದರೆ ಓದುಗರ ಗತಿ ಏನಾಗುತ್ತಿತ್ತು?’ ಕೆಳಗೆ ತಮ್ಮದೇ ಹೆಸರು, ಪೂರ್ತಿ ವಿಳಾಸ. ಹಾಕಲಾ ಅಂತ ಎರಡು ಸಲ ಕೇಳಿದೆ. ನಿಮ್ಮ ನಿಯಮ ತಾನೇ ಅಂದರು.

ಪತ್ರ ಅಚ್ಚಾಯಿತು. ಅಂಗಡಿ ಅಂಗಡಿಯಲ್ಲೂ ಓದಿದರು. ವ್ಯಾಪಾರಿ ಬೆವರುತ್ತಾ ಆಫೀಸಿಗೆ ಬಂದು, ಇದಕ್ಕೆ ತಕ್ಕ ಉತ್ತರ ಕೊಡಲೇಬೇಕು, ಮುಂದಿನ ವಾರವೇ ಬರಬೇಕು ಅಂದರು. ಧಾರಾಳವಾಗಿ ಕೊಡಿ, ಇಲ್ಲೇ ಬರೆದುಬಿಡಿ ಅಂತ ಬಿಳಿ ಹಾಳೆ, ಪೆನ್ನು ಮುಂದಿಟ್ಟೆ. ಅವರು ಕೂತರು. ‘ಮಾನ್ಯರೇ’ ಅಂತ ಬರೆದರು. ಪೆನ್ನಿನ ಮೂತಿ ನೋಡಿದರು, ಫ್ಯಾನ್ ನೋಡಿದರು. ಟೀ ಬಂತು, ಕುಡಿದರು. ಹಾಳೆಯಲ್ಲಿ ‘ಮಾನ್ಯರೇ’ ಒಂದೇ ಇತ್ತು.

ಆಮೇಲೆ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ಎದ್ದರು.

"ಮನೆಗ್ ಹೋಗಿ ಬರೆಸ್ಕೊಂಡ್ ಬರ್ತೀನಿ" ಅಂದರು.