ಬಾಯಿ ಮುಚ್ಚಿದ ಗೀಸರ್

ಲೈಬ್ರರಿಯಲ್ಲಿ ಗುಮಾಸ್ತನಾಗಿ ಹದಿನೇಳು ವರ್ಷ "ಶ್... ಗಲಾಟೆ ಮಾಡಬೇಡಿ" ಅನ್ನುತ್ತಲೇ ಬದುಕಿದವನ ಬಚ್ಚಲಲ್ಲೇ ಆ ಗೀಸರ್ ಇರಬೇಕಿತ್ತೆ! ಟ್ಯಾಂಕಿಲ್ಲದ, ಟಿಫಿನ್ ಡಬ್ಬಿಯಷ್ಟು ಪುಟ್ಟ ಕರೆಂಟಿನ ಗೀಸರ್. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರುತ್ತಿತ್ತು. ಜೊತೆಗೆ, ಬಾಗಿಲ ಸಂದಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನ ಹಾಗೆ ಅರಚಾಟ.

ಆವತ್ತು ಬೆಳಗ್ಗೆ ತಲೆಗೆ ಸೋಪು ಹಚ್ಚಿಕೊಂಡು ನಿಂತಿದ್ದಾಗ ಕೆಳಗಡೆಯೇ ಇದ್ದ ಬಾಡಿಗೆ ಮನೆಯ ಓನರ್ ಮೆಟ್ಟಿಲೇರಿ ಬಂದು ಬಚ್ಚಲ ಬಾಗಿಲನ್ನೇ ಬಡಿದರು.

"ರೀ, ಸಂಜೆಯೊಳಗೆ ಅದರ ಬಾಯಿ ಮುಚ್ಚಿಸಿ. ಇಲ್ಲಾಂದ್ರೆ ನಾಳೆ ನಾನೇ ಕಿತ್ತು ಬಿಸಾಕ್ತೀನಿ!"

"ಆಯ್ತು ಸಾರ್," ಅಂದ ಗುಮಾಸ್ತ, ಕಣ್ಣಿಗೆ ಸೋಪು ಇಳಿಸಿಕೊಂಡು.

ಕಿತ್ತರೆ ಗತಿಯೇನು? ತಣ್ಣೀರು ಸೋಕಿದರೆ ಹೆಂಡತಿಗೆ ವಾರವಿಡೀ ಸೀನು. ಲೈಬ್ರರಿಗೆ ರಜೆ ಹಾಕಿದ. ರಿಪೇರಿಯವನಿಗೆ ಫೋನ್ ಮಾಡಿದರೆ "ನಾಲ್ಕು ದಿನ ಆಗುತ್ತೆ ಸಾರ್" ಎಂಬ ಉತ್ತರ.

ಅಷ್ಟರಲ್ಲಿ ಎದುರುಮನೆಯ ರಿಟೈರ್ಡ್ ಬಸ್ ಡ್ರೈವರ್ ಹಾಜರಾದರು. ಗೀಸರಿನ ಹತ್ತಿರ ಕಿವಿಯಿಟ್ಟು, ಕಣ್ಣು ಮುಚ್ಚಿ, "ಓವರ್ ಸ್ಪೀಡು. ನಲ್ಲಿ ಸ್ವಲ್ಪ ಸಣ್ಣ ಮಾಡಿ" ಅಂದರು. ಸಣ್ಣ ಮಾಡಿದ್ದೇ ತಡ, ಅರಚಾಟ ದುಪ್ಪಟ್ಟಾಗಿ ಬುಸ್ಸೆಂದು ಹಬೆ ಬಂತು.

ಬೆನ್ನಿಗೇ ಪಕ್ಕದ ಮನೆಯ ಟೈಲರ್ ಅಕ್ಕ ಅಳತೆ ಟೇಪು, ಹಳೇ ಕಂಬಳಿ ಹಿಡಿದು ಬಂದಳು.

"ದಪ್ಪಗೆ ಒಂದು ಗವಸು ಹೊಲಿದು ತೊಡಿಸ್ತೀನಿ. ಉಸಿರೂ ಕೇಳಿಸಲ್ಲ."

"ಬೆಂಕಿ ಹತ್ಕೊಂಡ್ರೆ?" ಅಂದಳು ಗುಮಾಸ್ತನ ಹೆಂಡತಿ.

"ಉಲ್ಲನ್ ಬೇಡ್ವಾ? ಹಾಗಾದ್ರೆ ಕಾಟನ್ ಹಾಕೋಣ ಬಿಡು."

ಹೆಂಡತಿ ಬೀರು ತಡಕಿ ಗೀಸರಿನ ಪುಸ್ತಕ ತಂದಳು. ಊರಿಗೆಲ್ಲ ಪುಸ್ತಕ ಕೊಡುವವನು ಈ ಹನ್ನೆರಡು ಪುಟವನ್ನು ಬಿಡಿಸಿಯೂ ನೋಡಿರಲಿಲ್ಲ.

"ಇಲ್ನೋಡಿ, ನೀರು ಒಳಗೆ ಹೋಗೋ ಕಡೆ ಜಾಲರಿ ಇರುತ್ತಂತೆ. ಕಸ ಕಟ್ಕೊಂಡ್ರೆ ನೀರು ಹರಿಯೋದು ಕಮ್ಮಿಯಾಗಿ, ಒಳಗೇ ಕುದ್ದು ಸದ್ದು ಮಾಡುತ್ತಂತೆ. ಮೊದಲು ಮೇನ್ ಸ್ವಿಚ್ ಆಫ್ ಮಾಡ್ಬೇಕಂತೆ."

ಗುಮಾಸ್ತ ಮೇನ್ ಆಫ್ ಮಾಡಿ ಜಾಲರಿಯ ನಟ್ಟು ಬಿಚ್ಚಿದ. ನೀರಿನ ವಾಲ್ವನ್ನೂ ಮುಚ್ಚಬೇಕು ಅನ್ನುವುದು ಮುಂದಿನ ಪುಟದಲ್ಲಿತ್ತು.

ನೀರು ಚಿಮ್ಮಿ ನೇರ ಡ್ರೈವರ್ ಎದೆಗೇ ಗುದ್ದಿತು. "ಬ್ರೇಕ್! ಬ್ರೇಕ್!" ಎಂದು ಅವರು ಕೂಗಿಕೊಂಡರು. ಟೈಲರ್ ಅಕ್ಕ ಓಡಿಹೋಗಿ ವಾಲ್ವ್ ಮುಚ್ಚುವಷ್ಟರಲ್ಲಿ ನೀರು ಮೆಟ್ಟಿಲಿಳಿದು ಓನರ್ ಮನೆಯ ಹಾಲ್ ಸೇರಿಯಾಗಿತ್ತು.

ಜಾಲರಿಯ ತುಂಬ ಮರಳು, ತುಕ್ಕು. ಹಳೇ ಬ್ರಶ್ಶಿನಿಂದ ಎಲ್ಲವನ್ನೂ ಬಕೆಟ್ಟಿಗೆ ಉಜ್ಜಿ ಹಾಕಿ, ಮತ್ತೆ ಜೋಡಿಸಿ, ವಾಲ್ವ್ ತೆರೆದು, ಮೇನ್ ಆನ್ ಮಾಡಿ, ಗುಮಾಸ್ತ ನಲ್ಲಿ ತಿರುಗಿಸಿದ. ಬಿಸಿನೀರು ಬಂತು. ಸದ್ದಿಲ್ಲ!

"ಸತ್ತೇ ಹೋಯ್ತಾ?" ಟೈಲರ್ ಅಕ್ಕ ಪಿಸುಗುಟ್ಟಿದಳು.

ಆಗಲೇ ಓನರ್ ಬಂದರು. ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡಿದ್ದರು, ಕೈಯಲ್ಲಿ ಒದ್ದೆ ಚಪ್ಪಲಿ. ಮುಗಿಯಿತು ನನ್ನ ಕತೆ ಅಂದುಕೊಂಡ ಗುಮಾಸ್ತ. ಆದರೆ ಅವರು ನೀರಿಗೆ ಕೈಯೊಡ್ಡಿ, ನಲ್ಲಿ ಪೂರ್ತಿ ತಿರುಗಿಸಿ, ಅರ್ಧ ತಿರುಗಿಸಿ, ಕಿವಿಗೊಟ್ಟು ನಿಂತರು. ಮುಖ ಅರಳಿತು. ಅಲ್ಲಿಂದಲೇ ಫೋನ್ ಹಚ್ಚಿದರು.

"ಮಗಳೇ, ಸದ್ದು ಹೋಯ್ತು! ಅಳಿಯಂದಿರಿಗೆ ಹೇಳು!"

ಆಮೇಲೆ ಗುಮಾಸ್ತನ ಕೈ ಹಿಡಿದು ಕುಲುಕಿದರು. "ದೊಡ್ಡ ಉಪಕಾರ ಮಾಡಿದ್ರಿ ಕಣ್ರೀ. ಅಳಿಯಂದಿರಿಗೆ ನೈಟ್ ಶಿಫ್ಟು, ಹಗಲೆಲ್ಲ ನಿದ್ದೆ. ಈ ಕಿರುಚಾಟಕ್ಕೆ ಹೆದರಿ ಬರೋಕೇ ಒಪ್ಪಿರ್ಲಿಲ್ಲ. ಪೈಪಿಂದೇ ದೋಷ, ಯಾವ ಗೀಸರ್ ಹಾಕಿದ್ರೂ ಇಷ್ಟೇ ಅಂದ್ಕೊಂಡಿದ್ವಿ."

"ಸಂತೋಷ ಸಾರ್. ಬಂದು ಎಲ್ಲಿರ್ತಾರೆ?"

"ಇಲ್ಲೇ."

"ಇಲ್ಲೇ ಅಂದ್ರೆ?"

ಓನರ್ ಗೋಡೆಗಳನ್ನೆಲ್ಲ ಅಕ್ಕರೆಯಿಂದ ನೋಡಿದರು. "ಇದೇ ಮನೇಲಿ ರೀ. ನೀವು ಬೇರೆ ಕಡೆ ನೋಡ್ಕೊಳ್ಳಿ. ಅವಸರ ಏನಿಲ್ಲ, ತಿಂಗಳ ಕೊನೆಗೆ ಇನ್ನೂ ಒಂಬತ್ತು ದಿನ ಇದೆ."

ಅವರು ಇಳಿದುಹೋದ ಮೇಲೆ ಡ್ರೈವರ್ ಅಂಗಿ ಹಿಂಡಿಕೊಳ್ಳುತ್ತಾ ಗುಮಾಸ್ತನ ಕಿವಿಯ ಹತ್ತಿರ ಬಂದರು.

"ಆ ಕಸ ಬಕೆಟ್ಟಲ್ಲೇ ಇದೆಯಲ್ಲ, ವಾಪಸ್ ತುಂಬೋಣ್ವಾ?"

ಗುಮಾಸ್ತ ಆಸೆಯಿಂದ ತಿರುಗಿ ನೋಡಿದ. ಹೆಂಡತಿ ಆಗಷ್ಟೇ ಬಕೆಟ್ಟು ತೊಳೆದು ಬೋರಲು ಹಾಕಿದ್ದಳು.