ಬಿಡುವಿನ ಬೆನ್ನು ಹತ್ತಿ

ನಾನು ಕಾಲಿಟ್ಟಲ್ಲಿ ಕೆಲಸ ಹಳಿ ತಪ್ಪುತ್ತದೆ. ಒಂದೆರಡು ಸಲ ಅಲ್ಲ, ಪ್ರತಿ ಸಲವೂ. ನನ್ನ ಸಂಶೋಧನೆಯಿಂದ ಖಾತ್ರಿಯಾಗಿ ಸಾಬೀತಾದ ಸಂಗತಿ ಇದೊಂದೇ, ಆದರೆ ಅದನ್ನು ಪ್ರಬಂಧದಲ್ಲಿ ಬರೆಯುವ ಹಾಗಿರಲಿಲ್ಲ.

ಇಂಡಿ ಊರಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಪಿಎಚ್.ಡಿ. ಮುಗಿಸಿದರೆ ಉಳಿಯುವ, ಮುಗಿಸದಿದ್ದರೆ ಹೋಗುವ ನೌಕರಿ ಅದು. ದುಡಿಯುವ ಜನ ಎಷ್ಟು ಚುರುಕಾಗಿ ದುಡಿಯುತ್ತಾರೆ, ಬಿಡುವಿನಲ್ಲಿ ಮನರಂಜನೆಗೆ ಏನು ಮಾಡುತ್ತಾರೆ, ಆ ಮನರಂಜನೆಯಿಂದ ಕೆಲಸಕ್ಕೆ ಲಾಭವೋ ನಷ್ಟವೋ, ಇದು ನನ್ನ ವಿಷಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನನ್ನ ಕ್ಷೇತ್ರ. ವಿಶ್ವವಿದ್ಯಾಲಯದವರು ಎರಡು ಸಲ ಗಡುವು ಮುಂದೂಡಿ, ಇನ್ನೊಮ್ಮೆ ಕೇಳಲು ಬರಬೇಡಿ ಎಂದಿದ್ದರು. ಅದರ ಮೇಲೆ ನಮ್ಮ ಗೈಡ್ ಸರ್. ಮೂಲ ತಾಂಬಾದವರು, ದೊಡ್ಡ ವಿದ್ವಾಂಸರು, ಯಾರ ಮಾತನ್ನೂ ನಂಬುವವರಲ್ಲ. ಅವರ ಸಹಿ ಬೀಳದೆ ಪ್ರಬಂಧವನ್ನು ಕಚೇರಿಯವರು ಮುಟ್ಟುವುದಿಲ್ಲ.

ನಿಂಬೆಹಣ್ಣಿನ ರಾಶಿ

ಶುರು ಮಾಡಿದ್ದು ನಮ್ಮ ಇಂಡಿಯಲ್ಲೇ. ನಿಂಬೆಹಣ್ಣಿನ ವ್ಯಾಪಾರಿಯೊಬ್ಬರ ಶೆಡ್ಡಿನಲ್ಲಿ ಹೆಣ್ಣುಮಕ್ಕಳು ಹಣ್ಣು ಆರಿಸಿ ಚೀಲ ತುಂಬುತ್ತಿದ್ದರು. ನಾನು ಒಂದು ಮೂಲೆಯಲ್ಲಿ ಕೈಗಡಿಯಾರ ಬಿಚ್ಚಿಟ್ಟುಕೊಂಡು ಕುಳಿತೆ. ಅಲ್ಲಿಯವರೆಗೆ ಹಿಂದಿನ ರಾತ್ರಿಯ ಧಾರಾವಾಹಿಯ ಸೊಸೆಗೆ ಬುದ್ಧಿ ಹೇಳುತ್ತಿದ್ದವರೆಲ್ಲ ಗಪ್ಪಾದರು. ಕೈಗಳು ಹೇಗೆ ಓಡಿದವೆಂದರೆ ನನಗೇ ಹೆದರಿಕೆಯಾಯಿತು. ಯಾರೂ ನೀರು ಕುಡಿಯಲು ಸಹ ಏಳಲಿಲ್ಲ. ಊಟದ ಹೊತ್ತಿಗೆ ಇಡೀ ದಿನದ ರಾಶಿ ಖಾಲಿ.

ಆಮೇಲೆ ಗೊತ್ತಾಯಿತು, ಅವರು ನನ್ನನ್ನು ಕೆಲಸದಿಂದ ಯಾರನ್ನು ತೆಗೆಯಬೇಕೆಂದು ನೋಡಲು ಬಂದವಳು ಅಂದುಕೊಂಡಿದ್ದರು. ಮರುದಿನ ಹೋದವಳೇ, ನಾನು ಕಾಲೇಜಿನವಳು, ಸಾಹುಕಾರರಿಗೂ ನನಗೂ ಸಂಬಂಧವಿಲ್ಲ, ನಿಮ್ಮಷ್ಟಕ್ಕೆ ನೀವು ಕೆಲಸ ಮಾಡಿ ಎಂದು ಕೈ ಮುಗಿದು ಹೇಳಿದೆ. ಅವರಿಗೆ ಜೀವ ಬಂತು. ಎಲ್ಲರೂ ಹಣ್ಣು ಬಿಟ್ಟು ನನ್ನ ಸುತ್ತ ಕುಳಿತರು. ಮದುವೆಯಾಗಿದೆಯೋ, ಮಕ್ಕಳೆಷ್ಟು, ಗಂಡ ಹೀಗೆ ಊರೂರು ತಿರುಗಲು ಹೇಗೆ ಬಿಟ್ಟ, ಅಡುಗೆ ಯಾರು ಮಾಡುತ್ತಾರೆ, ಎಲ್ಲ ವಿಚಾರಿಸಿದರು. ನಾನು ಅವರಿಗೆ ಒಂದು ಪ್ರಶ್ನೆ ಕೇಳುವಷ್ಟರಲ್ಲಿ ಸಂಜೆಯಾಯಿತು. ಹಣ್ಣಿನ ರಾಶಿ ಇದ್ದಲ್ಲೇ ಇತ್ತು.

ರಾತ್ರಿ ವ್ಯಾಪಾರಿ ಫೋನ್ ಮಾಡಿದರು. ಬಹಳ ನಯವಾಗಿ ಹೇಳಿದರು: "ಅಕ್ಕಾರ, ನಾಳೆ ಬರೂದಿದ್ರ ನಿನ್ನೆ ಬಂದಂಗ ಬರ್ರಿ. ಇವತ್ತ ಬಂದಂಗ ಬರಬ್ಯಾಡ್ರಿ."

ಗ್ಯಾರೇಜಿನ ಎದುರು

ಎರಡು ದಿನದ ಲೆಕ್ಕ ನೋಡಿ ಗೈಡ್ ಸರ್ ಕನ್ನಡಕ ತೆಗೆದರು. ಅದೇ ಶೆಡ್ಡು, ಅದೇ ಜನ, ಒಂದು ದಿನ ಬೆಟ್ಟದಷ್ಟು ಕೆಲಸ, ಮರುದಿನ ಸೊನ್ನೆ. ಇದು ಮನೆಯಲ್ಲಿ ಕೂತು ಬರೆದದ್ದು ಎಂದರು. ನನ್ನ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. ನೋಡುವುದು ದುಡಿಯುವವರಿಗೆ ಗೊತ್ತಾಗದ ಹಾಗೆ ನೋಡಿಕೊಂಡು ಬನ್ನಿ ಎಂದು ಅಪ್ಪಣೆಯಾಯಿತು.

ಹಾಗಾಗಿ ಸಿಂದಗಿಯಲ್ಲಿ ನಾನು ಒಂದು ಟ್ರ್ಯಾಕ್ಟರ್ ಗ್ಯಾರೇಜಿನ ಎದುರಿನ ಚಹಾದಂಗಡಿಯಲ್ಲಿ ಪೇಪರ್ ಹಿಡಿದು ಕುಳಿತೆ. ಗ್ಯಾರೇಜಿನ ಹುಡುಗ ಎಂಜಿನ್ ಬಿಚ್ಚಿ ಹಾಕಿ, ಮೊಣಕೈವರೆಗೆ ಎಣ್ಣೆ ಮಾಡಿಕೊಂಡು ದುಡಿಯುತ್ತಿದ್ದ. ಎಲ್ಲ ಸರಿ ಇತ್ತು. ಮೂರನೆಯ ಚಹಾ ತಂದಾಗ ಅಂಗಡಿಯವನು, ಯಾವ ಊರು, ಯಾರ ಪೈಕಿ, ಏನು ಕೆಲಸ ಎಂದು ಕೇಳಿದ. ಸಂಶೋಧನೆ ಅನ್ನುವ ಹಾಗಿಲ್ಲವಲ್ಲ. ಆ ಹುಡುಗ ಹೇಗೆ ದುಡಿಯುತ್ತಾನೆ ಅಂತ ದೂರದಿಂದ ನೋಡಿ ಹೋಗಲು ಬಂದಿದ್ದೇನೆ ಎಂದುಬಿಟ್ಟೆ.

ನಮ್ಮ ಕಡೆ ಸಂಬಂಧ ಗಟ್ಟಿ ಮಾಡುವ ಮುಂಚೆ, ಹೆಣ್ಣಿನವರು ಯಾರನ್ನಾದರೂ ಹುಡುಗನ ಊರಿಗೆ ಸುಮ್ಮನೆ ಕಳಿಸಿ ನೋಡಿಸುತ್ತಾರೆ. ಇದು ನನಗೆ ನೆನಪಾಗುವ ಮೊದಲೇ ಚಹಾದಂಗಡಿಯವನು ರಸ್ತೆ ದಾಟಿದ್ದ. ಹುಡುಗ ಮಾಯವಾದ. ಸ್ವಲ್ಪ ಹೊತ್ತಿಗೆ ಜಳಕ ಮಾಡಿ, ಬಿಳಿ ಅಂಗಿ ಹಾಕಿ, ತಲೆ ಬಾಚಿಕೊಂಡು ಬಂದು ಕುರ್ಚಿಯಲ್ಲಿ ಕುಳಿತ. ಆ ಅಂಗಿಯಲ್ಲಿ ಸ್ಪಾನರ್ ಮುಟ್ಟುವುದು ಸಾಧ್ಯವಿರಲಿಲ್ಲ. ಬಿತ್ತನೆಯ ಹಂಗಾಮು, ಹೊರ್ತಿ ಕಡೆಯಿಂದ ಬಂದಿದ್ದ ಟ್ರ್ಯಾಕ್ಟರಿನವನು ಬಿಚ್ಚಿದ ಎಂಜಿನ್ನಿನ ಪಕ್ಕ ನಿಂತು ಕೆಂಡವಾಗುತ್ತಿದ್ದ. ಇದಕ್ಕೆಲ್ಲ ಕಾರಣ ನಾನೆಂದು ಅವನಿಗೆ ತಿಳಿದರೆ ಏನು ಗತಿ ಎಂದು ನಾನು ಪೇಪರನ್ನು ಇನ್ನೂ ಮೇಲಕ್ಕೆತ್ತಿದೆ.

ಪೇಪರಿನ ಆಚೆ ಹುಡುಗನ ತಾಯಿ ಬಂದು ಕುಳಿತಿದ್ದರು. ಮಗ ಎಲೆ ಅಡಿಕೆ ಸಹ ತಿನ್ನುವುದಿಲ್ಲವೆಂದರು. ಅಭ್ಯಾಸಬಲದಿಂದ ನನ್ನ ಬಾಯಿಂದ ಪ್ರಶ್ನೆ ಹೊರಟೇಬಿಟ್ಟಿತು: "ಬಿಡುವಿದ್ದಾಗ ಏನ್ ಮಾಡ್ತಾನ್ರಿ?"

"ಬಿಡುವನ ಮಾಡಂಗಿಲ್ರಿ ನಮ್ಮ ಹುಡುಗ," ಎಂದರು ತಾಯಿ, ಕುರ್ಚಿಯ ಮೇಲೆ ಕೈಕಟ್ಟಿ ಕುಳಿತ ಮಗನನ್ನು ತೋರಿಸುತ್ತ.

ಇನ್ನು ತಡೆಯಲಾಗಲಿಲ್ಲ, ನಿಜ ಹೇಳಿದೆ. ಟ್ರ್ಯಾಕ್ಟರಿನವನು ಇತ್ತ ತಿರುಗಿದ. ನಾನು ಚೀಲ ಎದೆಗವಚಿಕೊಂಡು ಬಾಗಿಲು ಎಷ್ಟು ದೂರವಿದೆಯೆಂದು ನೋಡಿಕೊಂಡೆ. ತಾಯಿ ನನ್ನ ಕೈ ಹಿಡಿದುಕೊಂಡರು.

"ಅದಿರಲಿ ಬಿಡ್ರಿ. ನಿಮ್ಮ ಕಾಲೇಜಿನಾಗ ಹುಡುಗ್ಯಾರಂತೂ ಇರ್ತಾರಲ್ಲ?"

ಮನೆಯವರ ಸಮೀಕ್ಷೆ

ಗಡುವಿಗೆ ವಾರವಷ್ಟೇ ಉಳಿದಿತ್ತು. ಮುದ್ದೇಬಿಹಾಳದಲ್ಲಿ ಕ್ಷೌರದ ಅಂಗಡಿಯನ್ನು ಆರಿಸಿಕೊಂಡಿದ್ದೆ, ಕೆಲಸ ಮತ್ತು ಬಿಡುವು ಒಂದೇ ಸೂರಿನಡಿ ಸಿಗುತ್ತವೆಂದು. ಅಲ್ಲಿಗೆ ನಾನು ಹೋಗಿ ಕುಳಿತರೆ ಸಿಂದಗಿಯ ಕಥೆಯೇ ಆದೀತೆಂದು ನಮ್ಮ ಮನೆಯವರನ್ನು ಕಳಿಸಿದೆ. ಏನೇನು ಕೇಳಬೇಕೆಂದು ದಾರಿಯುದ್ದಕ್ಕೂ ಉರುಹೊಡೆಸಿದೆ. ಇದರ ಮೇಲೆ ನನ್ನ ಅನ್ನ ನಿಂತಿದೆ ಎಂದೂ ಹೇಳಿದೆ.

ಮುಂಜಾನೆ ಒಳಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ನಾನು ತಾಳಿಕೋಟೆಯ ಬಸ್ಸುಗಳು ಬರುವುದನ್ನೂ ಹೋಗುವುದನ್ನೂ ನೋಡುತ್ತ ನಿಲ್ದಾಣದ ಕಟ್ಟೆಯ ಮೇಲೆ ಉಗುರು ಕಚ್ಚುತ್ತಿದ್ದೆ. ಕಡೆಗೆ ಬಂದರು. ದಾಡಿ ಆಗಿತ್ತು, ತಲೆಗೆ ಎಣ್ಣೆ ತಿಕ್ಕಿಸಿಕೊಂಡಿದ್ದರು, ಮುಖದಲ್ಲಿ ಮದುವೆಯಾದಾಗಿನಿಂದ ನಾನು ಕಾಣದ ಶಾಂತಿ ಇತ್ತು. ಬೆಂಚಿನ ತುಂಬ ಜನರಿದ್ದರಂತೆ, ಅವರಲ್ಲಿ ಒಬ್ಬರೂ ಕ್ಷೌರಕ್ಕೆ ಬಂದವರಲ್ಲವಂತೆ.

ಮತ್ತೆ ಏನೇನು ಕೇಳಿದಿರಿ ಎಂದೆ.

"ಏನೂ ಕೇಳಲಿಲ್ಲ," ಎಂದರು. "ಕೇಳಿದ್ರ ಅದು ಕೆಲಸ ಆಗ್ತಿತ್ತಲ್ಲ."

ಕೊನೆಯ ದಿನ

ಉಳಿದದ್ದು ಬಸವನ ಬಾಗೇವಾಡಿ. ಅಲ್ಲಿನ ಒಂದು ಗೋದಾಮಿನ ಹಮಾಲರನ್ನು ದೂರದಿಂದ ನೋಡಿ ನಾನು ಬರೆದದ್ದು ಹೀಗೆ: ಮಧ್ಯಾಹ್ನ ಬೇವಿನ ಮರದಡಿ ಹುಲಿ-ಕುರಿ ಆಡುತ್ತಾರೆ, ಲಾರಿ ಬಂದ ಕೂಡಲೇ ಆಟ ಬಿಟ್ಟು ಏಳುತ್ತಾರೆ, ಆಡಿ ಎದ್ದವರ ಕೈ ಚುರುಕು. ಗೈಡ್ ಸರ್ ನಂಬಲಿಲ್ಲ. ಕಣ್ಣಾರೆ ನೋಡಿದರೆ ಮಾತ್ರ ಸಹಿ ಎಂದರು. ಅವರಿಗೆ ಬಿಡುವಾದದ್ದು ಗಡುವಿನ ಕೊನೆಯ ದಿನವೇ. ವಿಶ್ವವಿದ್ಯಾಲಯದ ಕಚೇರಿ ಮುಚ್ಚುವುದು ಐದಕ್ಕೆ, ಗೋದಾಮಿನಿಂದ ಅಲ್ಲಿಗೆ ದಾರಿ ಒಂದೂವರೆ ತಾಸಿನದು. ಮುಂದೆ ಅವರ ಕಾರು, ಹಿಂದೆ ನಮ್ಮ ಮೋಟರ್ ಸೈಕಲ್, ನನ್ನ ತೊಡೆಯ ಮೇಲೆ ಪ್ರಬಂಧ.

ಮರದಡಿ ಆಟ ನಡೆದಿತ್ತು. ಚಪ್ಪಡಿಯ ಮೇಲೆ ಕೊರೆದ ಗೆರೆಗಳು, ಕಾಯಿಯ ಬದಲು ಹರಳುಗಳು. ಹುಲಿ ಹಾರಿ ಹಾರಿ ಕುರಿ ತಿನ್ನಬೇಕು, ಕುರಿಗಳು ಮುತ್ತಿ ಹುಲಿಗೆ ಅಲುಗಾಡಲು ಜಾಗವಿಲ್ಲದಂತೆ ಕಟ್ಟಬೇಕು. ಹುಲಿಯ ಕಡೆ ಕುಳಿತಿದ್ದವರು ಹಮಾಲರಲ್ಲೇ ಹಿರಿಯರಾದ ಒಬ್ಬ ಅಜ್ಜ. ಗೈಡ್ ಸರ್ ಕೈ ಹಿಂದೆ ಕಟ್ಟಿಕೊಂಡು ನೋಡಿದರು. ಆಮೇಲೆ, ಆ ಕುರಿ ಅಲ್ಲಿ ಇಡಬಾರದಿತ್ತು ಎಂದರು. ತಾಂಬಾದಲ್ಲಿ ಸಣ್ಣವರಿದ್ದಾಗ ಅವರ ಕುರಿಗೆ ಎದುರೇ ಇರಲಿಲ್ಲವಂತೆ. ಆಡುತ್ತಿದ್ದವನು ಎದ್ದು ಜಾಗ ಕೊಟ್ಟ. ಸರ್ ಪ್ಯಾಂಟು ಮೇಲೆಳೆದುಕೊಂಡು ಕುಳಿತರು. ನಾನು ಗಡಿಯಾರ ನೋಡಿಕೊಂಡೆ.

ಮೊದಲ ಆಟ ಸೋತರು. ಎರಡನೆಯದೂ ಹೋಯಿತು. ನಡುವೆ ಲಾರಿ ಬಂತು. ಹಮಾಲರೆಲ್ಲ ಒಂದೇ ಸಲಕ್ಕೆ ಎದ್ದು, ತೊಗರಿ ಚೀಲ ಹೊತ್ತು, ನೋಡನೋಡುತ್ತ ಲಾರಿ ತುಂಬಿಸಿ ಮುಗಿಸಿದರು. ನಾನು ಬರೆದದ್ದು ಒಂದಕ್ಷರ ತಪ್ಪದೆ ಅವರ ಎದುರು ನಡೆದುಹೋಯಿತು. ಸರ್, ನೋಡಿ ಸರ್ ಎಂದು ಗೋಗರೆದೆ. ಅವರು ತಲೆ ಎತ್ತಲಿಲ್ಲ. ಹುಲಿ ಯಾವ ಕಡೆಯಿಂದ ನುಗ್ಗಿತೆಂದು ಬೆರಳಿನಿಂದ ಗೆರೆ ತೀಡುತ್ತಿದ್ದರು.

ಮೂರೂವರೆ ದಾಟಿತು. ಸಹಿ ಕೇಳಿದರೆ, ಈ ಒಂದಾಟ ಆಗಲಿ ಅನ್ನುತ್ತಾರೆ. ಕೈ ತೊಳೆಯಲು ಎದ್ದ ಅಜ್ಜನ ಬಳಿ ಹೋದೆ. "ಅಜ್ಜಾರ, ಒಂದಾಟ ಸೋತು ಬಿಡ್ರಿ. ನನ್ನ ನೌಕರಿ ಹೋಗ್ತೈತಿ."

ಅಜ್ಜ ನನ್ನನ್ನು ಕನಿಕರದಿಂದಲೇ ನೋಡಿದರು. "ಯವ್ವಾ, ಕೆಲಸ ಆಗಿದ್ರ ನೀ ಹೇಳಿದಂಗ ಮಾಡ್ತಿದ್ದೆ. ಇದು ಆಟ."

ಆದರೆ ಕುಳಿತ ಮೇಲೆ ಒಂದು ಮಾತು ಹೇಳಿದರು. "ಸಾಹೇಬ್ರ, ನಾವು ಕೆಲಸ ಮುಗಿಸಿ ಕುಂತೇವಿ. ನಿಮ್ಮದು ಏನೋ ಬಾಕಿ ಇದ್ದಂಗ ಕಾಣ್ತೈತಿ. ಹಂಗ ಕುಂತ್ರ ಕುರಿ ನಿಲ್ಲಂಗಿಲ್ಲ."

ಸರ್ ಕೈ ಚಾಚಿ ಪ್ರಬಂಧ ಇಸಿದುಕೊಂಡರು, ಒಂದು ಹಾಳೆಯನ್ನೂ ಓದದೆ ನಾನು ಹೇಳಿದಲ್ಲೆಲ್ಲ ಸಹಿ ಹಾಕಿ ಹಿಂದಕ್ಕೆ ಕೊಟ್ಟರು. ನೀವು ಹೊರಡಿ, ನಾನು ಆಮೇಲೆ ಬರುತ್ತೇನೆ ಎಂದವರೇ ಅಜ್ಜನ ಕಡೆ ತಿರುಗಿದರು. "ಹೂಂ, ಈಗ ಬಿಡ್ರಿ ಹುಲಿ."

ಕಿಟಕಿ

ನಮ್ಮ ಮನೆಯವರು ಆ ದಿನ ಹೊಡೆದಂತೆ ಗಾಡಿ ಎಂದೂ ಹೊಡೆದಿಲ್ಲ. ಕಚೇರಿಯ ಕಿಟಕಿ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ. ಗುಮಾಸ್ತರು ಮುದ್ರೆ ಕೈಗೆತ್ತಿಕೊಂಡರು, ಸಹಿ ನೋಡಿದರು, ಮುದ್ರೆ ಕೆಳಗಿಟ್ಟರು. ಸಹಿಯ ಮೇಲೆ ಯಾರದೋ ಸುಣ್ಣ ತಂಬಾಕಿನ ಹೆಬ್ಬೆರಳಿನ ಗುರುತು ಮೂಡಿತ್ತು. ಇದು ಅವರದೇ ಸಹಿ ಅನ್ನುವುದಕ್ಕೆ ಏನು ಗ್ಯಾರಂಟಿ ಎಂದು ಅಲ್ಲಿಂದಲೇ ಗೈಡ್ ಸರ್‌ಗೆ ಫೋನ್ ಹಚ್ಚಿ, ನನಗೂ ಕೇಳಲೆಂದು ಸ್ಪೀಕರ್ ಹಾಕಿದರು. ಬಹಳ ಹೊತ್ತು ರಿಂಗಾಯಿತು.

"ಸಹಿ ನನ್ನದ. ಈಗ ಕೆಲಸದಾಗ ಇದ್ದೇನಿ, ಆಮ್ಯಾಲೆ ಮಾತಾಡ್ರಿ," ಎಂದರು ಸರ್. ಹಿಂದಿನಿಂದ ಅಜ್ಜನ ದನಿ ಸ್ಪಷ್ಟವಾಗಿ ಕೇಳಿತು: "ಸಾಹೇಬ್ರ, ಇನ್ನೊಂದು ಕುರಿ ಹೋತ್ರಿ."

ಗುಮಾಸ್ತರ ಮುಖ ಬದಲಾಯಿತು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅವರು ಫೋನಿನ ಹತ್ತಿರ ಬಗ್ಗಿದರು. "ಸರ್, ಹುಲಿ ಎಲ್ಲೈತ್ರಿ?"

ಸರ್ ಹೇಳಿದರು. ಗುಮಾಸ್ತರು ನನ್ನ ಪ್ರಬಂಧದ ಮೇಲೆ ಬೆರಳಿನಿಂದ ಗೆರೆ ಎಳೆದರು, ಪಿನ್ನಿನ ಡಬ್ಬಿಯನ್ನು ಹುಲಿ ಮಾಡಿದರು. ಮೂಲೆಯ ಕುರಿ ಬಿಡಬೇಡಿ, ನಡುವಿನದು ಮುಂದೆ ತಳ್ಳಿ ಎಂದರು. ಪಕ್ಕದ ಮೇಜಿನವರು ಎದ್ದು ಬಂದು, ನಡುವಿನದು ಬೇಡವೇ ಬೇಡ ಎಂದರು. ಇಡೀ ಕಚೇರಿ ಆ ಕಿಟಕಿಗೆ ಬಂದು ನೆರೆಯಿತು. ಗೋಡೆಯ ಗಡಿಯಾರದ ಮುಳ್ಳು ಐದರ ಹತ್ತಿರ ಹೋಗುತ್ತಿತ್ತು. ನಾನು ಕಂಬಿ ಹಿಡಿದುಕೊಂಡು, ಮುದ್ರೆ, ಮುದ್ರೆ ಎನ್ನುತ್ತಿದ್ದೆ. ಯಾರಿಗೆ ಕೇಳಿಸಬೇಕು?

ಫೋನಿನಿಂದ ಒಮ್ಮೆಲೇ ಗದ್ದಲ ಕೇಳಿತು. ಅದರ ನಡುವೆ ಸರ್ ದನಿ, ಚಿಕ್ಕ ಹುಡುಗನ ದನಿಯಂತೆ: ಹುಲಿ ಕಟ್ಟಿದೆವು, ಕಟ್ಟಿದೆವು. ಗುಮಾಸ್ತರು ಆ ಖುಷಿಯಲ್ಲಿ ಮುದ್ರೆ ಎತ್ತಿ ಧಡ್ಡನೆ ಬಡಿದರು. ಅದು ನನ್ನ ಪ್ರಬಂಧದ ಮೇಲೆ, ಬೀಳಬೇಕಾದ ಜಾಗದಲ್ಲೇ ಬಿತ್ತು. ನಾನು ಕಂಬಿ ಬಿಟ್ಟು ಅಲ್ಲೇ ನೆಲದ ಮೇಲೆ ಕುಳಿತೆ.

ಗುಮಾಸ್ತರು ಹಣೆ ಒರೆಸಿಕೊಂಡು, ಆಗಷ್ಟೇ ಮೊದಲ ಸಲ ನನ್ನ ಪ್ರಬಂಧದ ಹೆಸರು ಓದಿದರು. ಕಿಟಕಿಯಿಂದ ಬಗ್ಗಿ ನನ್ನನ್ನು ನೋಡಿ, ಬೇಸರದ ದನಿಯಲ್ಲಿ ಹೇಳಿದರು:

"ಬಿಡುವಿನ ಮ್ಯಾಲೆ ಬರ್ದೀರೇನ್ರಿ ಅಕ್ಕಾರ? ಪುಣ್ಯವಂತ್ರು ಬಿಡ್ರಿ. ನಮಗ ಇಲ್ಲಿ ಉಸುರು ಬಿಡಾಕ ಟೈಮ್ ಸಿಗಂಗಿಲ್ಲ."