ಕರಡಪ್ಪನವರು ಬಿಚ್ಚಿದ ಏರ್‌ಗನ್ನು

ಹೆಂಡತಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಗಂಡಸಿಗೆ ಒಳ್ಳೆಯ ಯೋಚನೆ ಹೊಳೆಯಬಾರದು. ಹೊಳೆದರೂ ಕೈಗೆ ಸ್ಕ್ರೂಡ್ರೈವರ್ ಸಿಗಬಾರದು. ಆ ಶನಿವಾರ ಬೆಳಿಗ್ಗೆ ಕರಡಪ್ಪನವರಿಗೆ ಎರಡೂ ಒಟ್ಟಿಗೇ ಒದಗಿ ಬಂದವು.

ಕರಡಪ್ಪ ಎಂಬುದು ಓಣಿಯವರು ಇಟ್ಟ ಹೆಸರು. ಅಚ್ಚುಕೂಟದಲ್ಲಿ ಇಪ್ಪತ್ತೈದು ವರ್ಷದಿಂದ ಕರಡು ತಿದ್ದುತ್ತ, ಪರರ ತಪ್ಪು ಹುಡುಕಿಯೇ ಅನ್ನ ತಿನ್ನುತ್ತಿದ್ದವರು. (ಮನೆಯಲ್ಲಿ ಆ ಇಲಾಖೆ ಹೆಂಡತಿಯದು.) ಆಕೆ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್. ಮದುವೆಗೆ ಮುಂಚೆ ಅಪ್ಪನ ಏರ್‌ಗನ್ನಿನಲ್ಲಿ ಗುರಿ ಹೊಡೆದು ಕಪ್ ಗೆದ್ದವಳು, ಇಪ್ಪತ್ತು ವರ್ಷದ ಮೇಲೆ ಮತ್ತೆ ಭಾನುವಾರದ ಶಿಕ್ಷಕರ ಪಂದ್ಯಕ್ಕೆ ಹೆಸರು ಕೊಟ್ಟಿದ್ದಳು. ಶುಕ್ರವಾರ ಗನ್ನನ್ನು ಅಟ್ಟದಿಂದ ಇಳಿಸಿ, ನಳಿಗೆ ಮಡಚಿ, ಗುಂಡು ತುಂಬಿ ಹಿತ್ತಲಲ್ಲಿ ಹಾರಿಸಿದಳು. ಸೀಸದ ಗುಂಡು ಗುರಿಯ ರಟ್ಟಿಗೆ ಮೆತ್ತಗೆ ತಾಗಿ, ತಪ್ಪಾಯಿತು ಎಂಬಂತೆ ಕೆಳಗೆ ಬಿತ್ತು.

"ಹೋಗ್ಲಿ ಬಿಡಿ, ನನ್ನ ಹಾಗೇ ಅದಕ್ಕೂ ವಯಸ್ಸಾಯ್ತು," ಎಂದು ನಕ್ಕಳು. ಆ ನಗೆಯಲ್ಲಿ ಏನೋ ಒಂದು ಅಕ್ಷರ ಬಿಟ್ಟುಹೋಗಿದೆ ಎಂದು ಕರಡಪ್ಪನವರಿಗೆ ರಾತ್ರಿಯೆಲ್ಲ ಅನ್ನಿಸಿತು.

ಹಾಗಾಗಿ ಶನಿವಾರ ಅವಳು ಶಾಲೆಗೆ ಹೊರಟಿದ್ದೇ ತಡ, ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಗನ್ನಿನಲ್ಲಿ ಗುಂಡಿಲ್ಲವೆಂದು ಮೂರು ಸಲ ನೋಡಿ, ಶಸ್ತ್ರಚಿಕಿತ್ಸೆಗೆ ಕುಳಿತರು. ಮೂಲೆಯ ಕುರ್ಚಿಯಲ್ಲಿ ಮಾವನವರಿದ್ದರು. ಕಾರ್ಖಾನೆಯಲ್ಲಿ ಲೇತ್ ನಡೆಸಿದ ಕೈ ಅವರದು. ಮೂರು ವರ್ಷದಿಂದ ಅದು ನಡುಗುತ್ತಿತ್ತು. ಅಂದಿನಿಂದ ಅವರನ್ನು ಮನೆಯಲ್ಲಿ ಕೇಳುವ ಪ್ರಶ್ನೆ ಎರಡೇ: ಮಾತ್ರೆ ಆಯ್ತಾ, ಊಟ ಆಯ್ತಾ.

"ಏನು ಮಾಡ್ತಿದ್ದೀರಿ ಅಳಿಯಂದ್ರೇ?"

"ಏನಿಲ್ಲ ಮಾವ, ಧೂಳು ಒರೆಸ್ತಿದೀನಿ."

"ಧೂಳಿಗೆ ಸ್ಕ್ರೂಡ್ರೈವರ್ ಬೇಕಾ?"

"ಇದು ಒಳಗಿನ ಧೂಳು ಮಾವ."

ಮರದ ಹಿಡಿ ಸಲೀಸಾಗಿ ಕಳಚಿತು. ಕರಡಪ್ಪನವರ ಎದೆ ಉಬ್ಬಿತು. ಹಿಂಬದಿಯ ಪಿನ್ನಿಗೆ ಕೈ ಹಾಕಿದಾಗ ಮಾವನವರು, "ಅದನ್ನ ತೆಗೆಯೋಕೆ ಮುಂಚೆ..." ಎಂದರು.

"ನೀವು ಆರಾಮಾಗಿ ಪೇಪರ್ ಓದಿ ಮಾವ."

ಮಾವನವರು ಪೇಪರ್ ಎತ್ತಿಕೊಂಡರು. ಕರಡಪ್ಪನವರಿಗೆ 'ಸ್ಪ್ರಿಂಗ್' ಎಂಬ ಪದದ ಒತ್ತಕ್ಷರ ಗೊತ್ತಿತ್ತೇ ಹೊರತು ಸ್ಪ್ರಿಂಗಿನ ಒತ್ತಡ ಗೊತ್ತಿರಲಿಲ್ಲ. ಪಿನ್ನು ಹೊರಬಂತು. ಠಣ್! ಸ್ಪ್ರಿಂಗು ಅವರ ಕಿವಿಯ ಪಕ್ಕದಲ್ಲೇ ಹಾರಿ, ಅಡುಗೆಮನೆಯ ತಟ್ಟೆಗಳ ಸಾಲಿಗೆ ಬಡಿದು, ಒಲೆಯ ಕೆಳಗೆ ಭೂಗತವಾಯಿತು. ಬೋರಲು ಮಲಗಿ ಅದನ್ನೂ ಅದರ ಜೊತೆ ಸಿಡಿದ ತುಂಡುಗಳನ್ನೂ ಹೆಕ್ಕಿ ತಂದರು. ಮೇಜಿನ ಮೇಲೆ ಹನ್ನೊಂದು ತುಂಡುಗಳಿದ್ದವು. ಯಾವುದರ ಹಿಂದೆ ಯಾವುದು ಎಂಬ ವ್ಯಾಕರಣ ಮಾತ್ರ ಮರೆತುಹೋಗಿತ್ತು.

ಒಂದು ಗಂಟೆ ಒದ್ದಾಡಿ, ಕೊನೆಗೆ ಮೆಲ್ಲಗೆ, "ಮಾವ, ನೀವೊಂದು ಸ್ವಲ್ಪ ನೋಡ್ತೀರಾ?" ಎಂದರು.

ಮಾವನವರು ಎಷ್ಟು ಬೇಗ ಎದ್ದು ಬಂದರೆಂದರೆ, ಕರಡಪ್ಪನವರಿಗೆ ನಾಚಿಕೆಯಾಯಿತು.

"ಕೈ ನಿಮ್ಮದು, ಕಣ್ಣು ನನ್ನದು. ಸರೀನಾ?" ಎಂದು ಅವರು ನಡುಗುವ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಕುಳಿತರು. ದನಿಯಲ್ಲಿ ನಡುಕವೇ ಇರಲಿಲ್ಲ. "ಮೊದಲು ಹಳೇ ಗ್ರೀಸ್ ಒರೆಸಿ. ದಾರಕ್ಕೆ ಬಟ್ಟೆ ಕಟ್ಟಿ ನಳಿಗೆಯೊಳಗೆ ಎಳೀರಿ. ಚರ್ಮದ ವಾಷರ್ ಒಣಗಿದೆ, ಒಂದು ತೊಟ್ಟು ಎಣ್ಣೆ. ತೊಟ್ಟು ಅಂದೆ ಅಳಿಯಂದ್ರೇ, ತೊರೆ ಅನ್ನಲಿಲ್ಲ!"

ಆಮೇಲೆ ಸ್ಪ್ರಿಂಗನ್ನು ಮೇಜಿನ ಮೇಲೆ ಉರುಳಿಸಿ ನೋಡಿ, "ಇದು ಸತ್ತಿದೆ, ಬೇಡ," ಎಂದು ತಮ್ಮ ಕೋಣೆಗೆ ಹೋಗಿ ಬಟ್ಟೆಯ ಗಂಟೊಂದನ್ನು ತಂದರು. ಅದರೊಳಗೆ ಗ್ರೀಸ್ ಸವರಿದ, ಫಳಫಳ ಹೊಳೆಯುವ ಇನ್ನೊಂದು ಸ್ಪ್ರಿಂಗಿತ್ತು.

ಅಷ್ಟರಲ್ಲಿ ಬಾಗಿಲು ತೆರೆಯಿತು.

"ರೀ! ನಾಳೆ ಪಂದ್ಯ ಇಟ್ಕೊಂಡು ಇವತ್ತು ನನ್ನ ಗನ್ನು ಪೋಸ್ಟ್‌ಮಾರ್ಟಮ್ ಮಾಡಿದ್ದೀರಲ್ರೀ!"

"ನಿನಗೋಸ್ಕರವೇ ಕಣೇ..."

"ನನಗೋಸ್ಕರ ಏನೂ ಮಾಡ್ದೇ ಇರೋದನ್ನ ಯಾವಾಗ ಕಲೀತೀರಿ?"

"ಪುಟ್ಟೀ," ಎಂದರು ಮಾವನವರು, "ಜಗಳ ಆಮೇಲೆ. ಬಂದು ಈ ಪಿನ್ನು ಹಿಡಿ."

ಅವಳು ಅಪ್ಪನ ಮುಖ ನೋಡಿದಳು. ಆ ಗತ್ತಿನ ದನಿ ಕೇಳಿ ಎಷ್ಟು ಕಾಲವಾಗಿತ್ತೋ. ಪಿನ್ನು ಹಿಡಿದು ಪಕ್ಕದಲ್ಲಿ ಕುಳಿತಳು. ಕರಡಪ್ಪನವರು ಸ್ಪ್ರಿಂಗಿನ ಮೇಲೆ ತಮ್ಮ ಭಾರವನ್ನೆಲ್ಲ ಹೇರಿದರು. "ಇನ್ನೂ ಒತ್ತಿ! ಮಗಳು ಊಟ ಹಾಕ್ತಿಲ್ವಾ?" ಎಂದು ಮಾವನವರು ಗದರಿದರು. ಕಟ್ ಎಂದು ಪಿನ್ನು ಕೂತಿತು.

ಹಿತ್ತಲಲ್ಲಿ ಈ ಸಲ ಗುಂಡು ರಟ್ಟನ್ನು ತೂರಿ ಹಿಂದಿನ ಮರಳಿನ ಮೂಟೆ ಸೇರಿತು. ಐದು ಗುಂಡಿಗೆ ತೂತು ಎರಡೇ; ಒಂದರ ತೂತಿನಲ್ಲೇ ಇನ್ನೊಂದು ಹೊಕ್ಕಿತ್ತು. ಅವಳು ಅಪ್ಪನನ್ನು ನೋಡಿದಳು, ಆಮೇಲೆ ಗಂಡನನ್ನು. ಕಣ್ಣಿಗೆ ಬಿಸಿಲು ಹೊಡೆದವಳಂತೆ ಸೆರಗಿನಿಂದ ಒರೆಸಿಕೊಂಡಳು. (ಮರುದಿನ ಎರಡನೇ ಬಹುಮಾನ ತಂದಳು, ಮೊದಲನೆಯದು ಪಡೆದವರು ಅವಳ ಪ್ರಕಾರ ಬರೀ ಅದೃಷ್ಟವಂತರು.)

ಕರಡಪ್ಪನವರು ಮಾವನವರ ಪಕ್ಕ ಸರಿದರು. "ಇಷ್ಟು ಒಳ್ಳೇ ಸ್ಪ್ರಿಂಗ್ ಇಟ್ಕೊಂಡು ಗನ್ನಿನಲ್ಲಿ ಆ ಸತ್ತ ಸ್ಪ್ರಿಂಗನ್ನ ಯಾಕೆ ಬಿಟ್ಟಿದ್ರಿ ಮಾವ?"

ಮಾವನವರು ಮಗಳತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಿಮ್ಮ ಮದುವೆ ಹಿಂದಿನ ದಿನ ಬದಲಾಯಿಸಿದೆ. ಗನ್ನು ಇಲ್ದೇ ಗಂಡನ ಮನೆಗೆ ಹೋಗಲ್ಲ ಅಂತ ಹಟ ಹಿಡಿದ್ಲು. ಇವಳ ಗುರಿ ನನಗೆ ಗೊತ್ತಿತ್ತು, ಕೋಪಾನೂ ಗೊತ್ತಿತ್ತು. ನಿಮ್ಮನ್ನ ನೋಡಿದೆ. ಪಾಪ ಅನ್ನಿಸ್ತು."

"ಹಾಗಾದ್ರೆ ಈಗ ಯಾಕೆ...?"

"ಇಪ್ಪತ್ತು ವರ್ಷ ನಿಮ್ಮನ್ನ ತಡ್ಕೊಂಡಿದ್ದಾಳೆ. ಇನ್ನೇನು ಹೊಡೀತಾಳೆ ಬಿಡಿ," ಎಂದರು ಮಾವನವರು. ಒಂದು ಕ್ಷಣ ಯೋಚಿಸಿ, "ಆದರೂ ಹುಷಾರಾಗಿರಿ," ಎಂದು ಸೇರಿಸಿದರು.

ಅತ್ತ ಅವಳು ಗನ್ನು ಮಡಚಿ ಕೆಳಗಿಟ್ಟು ಕರೆದಳು: "ರೀ, ಹೊಸ ರಟ್ಟು ಸಿಗಿಸ್ತೀರಾ?"

ಹೆಂಡತಿಯ ಯಾವ ಮಾತಿಗೂ 'ಆಮೇಲೆ' ಎನ್ನದೆ ಎದ್ದ ಚರಿತ್ರೆ ಕರಡಪ್ಪನವರಿಗಿರಲಿಲ್ಲ. ಆವತ್ತು ಅವಳ ಬಾಯಿಂದ ಪ್ರಶ್ನಾರ್ಥಕ ಚಿಹ್ನೆ ಬೀಳುವ ಮೊದಲೇ ರಟ್ಟು ಹಿಡಿದು ಓಡುತ್ತಿದ್ದರು.